ಆಂಕಿಡ್ರಾಯ್ಡ್ ಎನ್ನುವ ಬಾಯಿಪಾಠದ ಆ್ಯಪ್: 14 ತಿಂಗಳು ಬಳಸಿದ ಮೇಲೆ ನನ್ನ ಅನಿಸಿಕೆ

ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಾಳೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ, ವಿಜ್ಞಾನದಲ್ಲಿ ಒಳ್ಳೆಯ ಅಂಕ. ಪಿಯುಸಿಯಲ್ಲಿ ಸೈನ್ಸ್ ಸೇರಿ ಒಂದು ತಿಂಗಳಾಗಿತ್ತು. ಒಂದು ಸಂಜೆ ಜೀವಶಾಸ್ತ್ರದ ಪುಸ್ತಕ ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಏನಾಯಿತು ಅಂತ ಕೇಳಿದೆ. "ಚಿಕ್ಕಮ್ಮ, ನಂಗೆ ಪತ್ರರಂಧ್ರ ಗೊತ್ತು. ಅದರ ಕೆಲಸ ಏನು ಅಂತಾನೂ ಗೊತ್ತು. ಮೇಡಂ ಸ್ಟೊಮಾಟಾ ಅಂದ ಕೂಡಲೇ ಅದು ಯಾವುದು ಅಂತ ಯೋಚಿಸ್ತಾ ಕೂತ್ಕೋತೀನಿ, ಅಷ್ಟರಲ್ಲಿ ಅವರು ಎರಡು ಸಾಲು ಮುಂದೆ ಹೋಗಿರ್ತಾರೆ" ಅಂದಳು.

ಅವಳ ಕಷ್ಟ ನನಗೆ ತಕ್ಷಣ ಅರ್ಥವಾಯಿತು, ಯಾಕೆಂದರೆ ಅದೇ ತಿಂಗಳು ನಾನೂ ಅದನ್ನೇ ಅನುಭವಿಸುತ್ತಿದ್ದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಚನ್ನಗಿರಿ ಕಡೆಯ ಶಾಖೆಗೆ ವರ್ಗವಾಗಿ, ಹಿಂದೆ ಮಾಡಿರದ ವಿಭಾಗಕ್ಕೆ ಬಂದಿದ್ದೆ. ಕೌಂಟರಿನ ಮುಂದೆ ಅಡಿಕೆ ಬೆಳೆಗಾರರು ನಿಂತಿರುತ್ತಾರೆ, ಅವರ ಮಾತು ಕೇಳಬೇಕು, ಸ್ಕ್ರೀನಿನಲ್ಲಿ ಯಾವ ಮೆನುವಿಗೆ ಹೋಗಬೇಕು ಅಂತ ನೆನಪಿಸಿಕೊಳ್ಳಬೇಕು, ಒಂದು ಪುಟದಲ್ಲಿ ಕಂಡ ಖಾತೆ ಸಂಖ್ಯೆಯನ್ನು ಇನ್ನೊಂದು ಪುಟಕ್ಕೆ ಹೋಗುವವರೆಗೆ ತಲೆಯಲ್ಲಿ ಹಿಡಿದುಕೊಂಡಿರಬೇಕು, ಆ ಮಧ್ಯೆ ವಾಟ್ಸಾಪ್ ಗುಂಪಿನಲ್ಲಿ ಹೊಸ ಸರ್ಕ್ಯುಲರ್ ಬಂದಿರುತ್ತದೆ. ಸಂಜೆ ಮನೆಗೆ ಬಂದರೆ ಮಾತಾಡುವುದಕ್ಕೂ ಆಗುತ್ತಿರಲಿಲ್ಲ. ಕೆಲಸ ಕಷ್ಟದ್ದಾಗಿರಲಿಲ್ಲ. ಆದರೆ ಅದನ್ನೆಲ್ಲ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟವಾಗಿತ್ತು.

ಈ ಹಿಡಿದುಕೊಳ್ಳುವ ಜಾಗ ನಮಗೆಲ್ಲರಿಗೂ ಚಿಕ್ಕದೇ. 1956ರಲ್ಲಿ ಜಾರ್ಜ್ ಮಿಲ್ಲರ್ ಎನ್ನುವ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಹೊತ್ತಿಗೆ ಸುಮಾರು 7 ಸಂಗತಿ ಹಿಡಿಯಬಹುದು ಎಂದು ಬರೆದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಮತ್ತೆ ಲೆಕ್ಕ ಹಾಕಿ ಸುಮಾರು 4 ಎಂದರು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಲ್ಲಿ ಇದನ್ನೇ ಓದಿಗೆ ಹಚ್ಚಿ ನೋಡಿದರು. ವಿದ್ಯಾರ್ಥಿಯ ತಲೆ ಬೇರೆ ಬೇರೆ ಸಣ್ಣ ಹೊರೆಗಳಲ್ಲೇ ತುಂಬಿಹೋದರೆ ಕಲಿಯುವುದಕ್ಕೆ ಜಾಗ ಉಳಿಯುವುದಿಲ್ಲ ಎನ್ನುವುದು ಅವರ ಮಾತಿನ ತಿರುಳು. ಪಾಠದ್ದೇ ಆದ ಕಷ್ಟ ಒಂದು, ಪಾಠವನ್ನು ಮುಂದಿಟ್ಟ ರೀತಿಯಿಂದ ಬರುವ ಕಷ್ಟ ಇನ್ನೊಂದು. ಮೊದಲನೆಯದನ್ನು ಯಾರೂ ತಪ್ಪಿಸಲು ಆಗುವುದಿಲ್ಲ, ಎರಡನೆಯದನ್ನು ತಪ್ಪಿಸಬಹುದು. ನಮ್ಮ ಹುಡುಗಿಗೆ ಸ್ಟೊಮಾಟಾದ ಕೆಲಸ ಪಾಠದ ಕಷ್ಟ. ಆ ಹೆಸರನ್ನು ಪ್ರತಿ ಸಲ ತಲೆಯೊಳಗೇ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕಾಗಿದ್ದು ಮೇಲಿನ ಹೊರೆ.

ಆದರೆ ನಾಲ್ಕೇ ಜಾಗ ಇದ್ದರೂ ನಾವು ಬದುಕುತ್ತಿದ್ದೇವೆ ಅಲ್ವಾ? ಅದು ಹೇಗೆ ಅಂತ ನನಗೆ ಬ್ಯಾಂಕಿನಲ್ಲೇ ದಿನಾ ಕಾಣುತ್ತದೆ. ಐಎಫ್‌ಎಸ್‌ಸಿ ಕೋಡಿನಲ್ಲಿ 11 ಅಕ್ಷರ ಇರುತ್ತವೆ. ಹೊಸಬರಿಗೆ ಅವು ಹನ್ನೊಂದು ಬಿಡಿ ಅಕ್ಷರಗಳು, ನಾಲ್ಕು ಸಲ ನೋಡಿ ನೋಡಿ ಟೈಪ್ ಮಾಡುತ್ತಾರೆ. ಗೊತ್ತಿರುವವರಿಗೆ ಮೊದಲ ನಾಲ್ಕು ಬ್ಯಾಂಕು, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆ. ಅಂದರೆ ನೆನಪಿಡಬೇಕಾದದ್ದು ಎರಡೇ ಗಂಟು. ಪ್ಯಾನ್ ಸಂಖ್ಯೆಯೂ ಹಾಗೆಯೇ. ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ, ನಾಲ್ಕನೆಯ ಅಕ್ಷರ ಪಿ ಇದ್ದರೆ ವ್ಯಕ್ತಿ, ಸಿ ಇದ್ದರೆ ಕಂಪನಿ. ಕಾಗುಣಿತ ಕಲಿಯುವ ಮಗುವನ್ನು ನೋಡಿ. ಮೊದಲು ಕ, ಆಮೇಲೆ ಇಳಿ, ಆಮೇಲೆ ಒತ್ತು ಅಂತ ತಡಕಾಡುತ್ತದೆ. ಎರಡು ವರ್ಷದಲ್ಲಿ 'ಅಕ್ಕ' ಎನ್ನುವ ಪದವನ್ನು ಒಂದೇ ನೋಟಕ್ಕೆ ಓದುತ್ತದೆ. ಮಗ್ಗಿ ಬಾಯಿಗೆ ಬಂದವರಿಗೆ ಲೆಕ್ಕದ ಕಡೆ ಗಮನ ಕೊಡಲು ಪುರುಸೊತ್ತು ಸಿಗುತ್ತದೆ. ಬಾಯಿಪಾಠ ಅಂದರೆ ಉರು ಹೊಡೆಯುವುದು, ಬುದ್ಧಿಗೆ ಕೆಲಸವಿಲ್ಲ ಅಂತ ಬಹಳ ಜನ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಸರಿಯಾದದ್ದನ್ನು ಬಾಯಿಪಾಠ ಮಾಡಿದರೆ ಬುದ್ಧಿಗೆ ಬಿಡುವು ಸಿಗುತ್ತದೆ.

ಆ ಬಾಯಿಪಾಠಕ್ಕೆ ನಾವು ಹಿಡಿದದ್ದು ಆಂಕಿಯನ್ನು. ಈ ಹೆಸರಿಗೂ ನಮ್ಮ ಅಂಕಿಗೂ ಸಂಬಂಧ ಇಲ್ಲ. ಜಪಾನಿ ಭಾಷೆಯಲ್ಲಿ ಆಂಕಿ ಎಂದರೆ ಬಾಯಿಪಾಠ ಮಾಡುವುದು. ಡೇಮಿಯನ್ ಎಲ್ಮ್ಸ್ ಎನ್ನುವವರು 2006ರಲ್ಲಿ ಕಂಪ್ಯೂಟರಿಗೆ ಬರೆದ ತಂತ್ರಾಂಶ ಇದು. ಅದನ್ನೇ ಆಂಡ್ರಾಯ್ಡ್ ಫೋನಿನಲ್ಲಿ ಬಳಸಲು ಸ್ವಯಂಸೇವಕರು ಸೇರಿ ಮಾಡಿದ ಆ್ಯಪ್ ಆಂಕಿಡ್ರಾಯ್ಡ್. ಮಾಡುವ ಕೆಲಸ ಒಂದೇ. ಒಂದು ಕಾರ್ಡಿನ ಮುಂಬದಿ ತೋರಿಸುತ್ತದೆ. ನೀವು ಉತ್ತರ ನೆನಪಿಸಿಕೊಳ್ಳುತ್ತೀರಿ, ಆಮೇಲೆ ಹಿಂಬದಿ ನೋಡುತ್ತೀರಿ. ಕೆಳಗೆ ನಾಲ್ಕು ಗುಂಡಿ ಇರುತ್ತವೆ. ಮರೆತಿದ್ದೆ, ಕಷ್ಟವಾಯಿತು, ಸರಿಯಾಗಿ ಬಂತು, ಸುಲಭ. ನೀವು ಒತ್ತಿದ್ದನ್ನು ನೋಡಿ ಅದು ಕಾರ್ಡನ್ನು ಇನ್ನೊಂದು ನಿಮಿಷಕ್ಕೋ ನಾಳೆಗೋ ಮುಂದಿನ ತಿಂಗಳಿಗೋ ಇಟ್ಟುಕೊಳ್ಳುತ್ತದೆ. ಮರೆಯುವ ಹೊತ್ತು ಬಂದಾಗ ಮತ್ತೆ ಮುಂದಿಡುತ್ತದೆ.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಸ್ಕ್ರೀನಿನ ಮೇಲೆ ಏನೂ ಇಲ್ಲದಿರುವುದು. ಒಂದು ಪ್ರಶ್ನೆ, ಅಷ್ಟೇ. ನಾವು ಮೊದಲು ಇನ್ನೊಂದು ಓದುವ ಆ್ಯಪ್‌ಗೆ ದುಡ್ಡು ಕಟ್ಟಿದ್ದೆವು, ಹೆಸರು ಬೇಡ. ಅದರಲ್ಲಿ ವಿಡಿಯೊ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಬರಹ ಓಡುತ್ತದೆ, ಮೂಲೆಯಲ್ಲಿ ನಾಣ್ಯ ಎಣಿಸುತ್ತದೆ, ಕೆಳಗಡೆ ಬೇರೆ ಮಕ್ಕಳ ಕಾಮೆಂಟ್ ಬರುತ್ತದೆ. ನೋಡಲು ಚೆನ್ನಾಗಿತ್ತು, ಹುಡುಗಿಗೂ ಖುಷಿಯಾಗಿತ್ತು. ಮಾರನೇ ದಿನ ಕೇಳಿದರೆ ಪಾಠದಲ್ಲಿ ಏನಿತ್ತು ಅಂತ ಅವಳಿಗೆ ಹೇಳಲು ಆಗುತ್ತಿರಲಿಲ್ಲ. ಇಲ್ಲಿ ಮುಂದೆ ಯಾವುದನ್ನು ಓದಬೇಕು, ಯಾವುದು ಮರೆತುಹೋಗಿದೆ ಎನ್ನುವ ಯೋಚನೆಯನ್ನೂ ಆ್ಯಪ್ ತಾನೇ ಹೊರುತ್ತದೆ. ಇಡೀ ದಿನ ನೂರು ನಿರ್ಧಾರ ಮಾಡಿ ಬಂದ ನನ್ನಂಥವಳಿಗೆ ಆ ಒಂದು ಹೊರೆ ಇಳಿದರೂ ದೊಡ್ಡದು.

ಸುಮ್ನೆ ಓದುವುದಕ್ಕಿಂತ ನೆನಪಿಸಿಕೊಳ್ಳುವುದು ಜಾಸ್ತಿ ಉಳಿಯುತ್ತದೆ ಎನ್ನುವುದಕ್ಕೂ ಒಳ್ಳೆಯ ಆಧಾರ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ಮೇಲೆ ಪರೀಕ್ಷೆ ಕೊಟ್ಟಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಮೇಲೆ ಕೊಟ್ಟಾಗ ನೆನಪಿಸಿಕೊಂಡವರು ಮುಂದಿದ್ದರು. ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಓದಿ, ಎಲ್ಲ ಬಂದುಬಿಟ್ಟಿದೆ ಅಂದುಕೊಳ್ಳುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಆ ಹೊತ್ತಿಗೆ ನಿಜಕ್ಕೂ ಬಂದಿರುತ್ತದೆ.

ನಾವು ಶುರು ಮಾಡಿದ್ದು ಪದಗಳಿಂದ. ಪಾಠವನ್ನು ಮುಟ್ಟಲೇ ಇಲ್ಲ. ಮುಂಬದಿಯಲ್ಲಿ ಇಂಗ್ಲಿಷ್ ಹೆಸರು, ಹಿಂಬದಿಯಲ್ಲಿ ಅವಳಿಗೆ ಆಗಲೇ ಗೊತ್ತಿದ್ದ ಕನ್ನಡ ಹೆಸರು. ಕ್ಲೋರೊಫಿಲ್ ಅಂದರೆ ಪತ್ರಹರಿತ್ತು. ಫೋಟೊಸಿಂಥೆಸಿಸ್ ಅಂದರೆ ದ್ಯುತಿಸಂಶ್ಲೇಷಣೆ. ಪ್ಯಾಂಕ್ರಿಯಾಸ್ ಅಂದರೆ ಮೇದೋಜ್ಜೀರಕ ಗ್ರಂಥಿ. ಹೀಗೆ ಜೀವಶಾಸ್ತ್ರಕ್ಕೆ 340 ಕಾರ್ಡ್ ಆದವು. ದಿನಕ್ಕೆ 10 ಹೊಸದು, ರಾತ್ರಿ ಊಟಕ್ಕೆ ಮೊದಲು ಹದಿನೈದು ನಿಮಿಷ. ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಅವಳು ಕ್ಲಾಸಿನಲ್ಲಿ ಕೈ ಎತ್ತಿ ಪ್ರಶ್ನೆ ಕೇಳಿದ್ದೆ ಅಂತ ಬಂದು ಹೇಳಿದಳು. ಹೆಸರಿನ ಹತ್ತಿರ ನಿಂತುಬಿಡುತ್ತಿದ್ದ ತಲೆ ಪಾಠದ ಹತ್ತಿರ ಹೋಯಿತು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳನ್ನು ದಡ್ಡರು ಎಂದು ಕರೆಯುವವರಿಗೆ ನಾನು ಇದನ್ನು ಹೇಳಬೇಕು. ಆ ಮಕ್ಕಳು ಒಂದೇ ಗಂಟೆಯಲ್ಲಿ ಎರಡು ಕೆಲಸ ಮಾಡುತ್ತಿರುತ್ತಾರೆ, ಪಕ್ಕದವರು ಒಂದೇ ಮಾಡುತ್ತಿರುತ್ತಾರೆ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, 180 ಪ್ರಶ್ನೆಯಲ್ಲಿ 90 ಜೀವಶಾಸ್ತ್ರದ್ದೇ. ಆದರೆ ಎರಡು ವರ್ಷದ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಅವರಿಗೆ ಎರಡೂ ಕಡೆಯ ಹೆಸರು ಬೇಕೇ ಬೇಕು.

ಕಾರ್ಡ್ ಬರೆಯುವುದನ್ನು ಮಾತ್ರ ಕಲಿಯಬೇಕು. ಇಲ್ಲಿ ಆ್ಯಪ್ ಏನೂ ಸಹಾಯ ಮಾಡುವುದಿಲ್ಲ. ಶುರುವಿನಲ್ಲಿ ಅವಳು 'ಹೃದಯದ ರಚನೆ ವಿವರಿಸಿ' ಅಂತ ಮುಂಬದಿಯಲ್ಲಿ ಬರೆದು ಹಿಂಬದಿಯಲ್ಲಿ ಹನ್ನೆರಡು ಸಾಲು ತುಂಬಿದ್ದಳು. ಆ ಕಾರ್ಡ್ ಬಂದಾಗಲೆಲ್ಲ ಮುಖ ಸಣ್ಣದು ಮಾಡುತ್ತಿದ್ದಳು. ಹತ್ತು ಸಾಲು ನೆನಪಿದ್ದು ಎರಡು ಮರೆತರೆ ಯಾವ ಗುಂಡಿ ಒತ್ತಬೇಕು? ಅದನ್ನು ಒಡೆದು 14 ಕಾರ್ಡ್ ಮಾಡಿದೆವು. ಬಲ ಹೃತ್ಕರ್ಣಕ್ಕೂ ಬಲ ಹೃತ್ಕುಕ್ಷಿಗೂ ನಡುವಿನ ಕವಾಟ ಯಾವುದು? ಟ್ರೈಕಸ್ಪಿಡ್. ಎಡಗಡೆ? ಬೈಕಸ್ಪಿಡ್, ಮೈಟ್ರಲ್ ಅಂತಲೂ ಹೆಸರು. ಒಂದು ಕಾರ್ಡಿಗೆ ಒಂದೇ ಉತ್ತರ. ನೋಡುವುದಕ್ಕೆ ಕಾರ್ಡ್ ಜಾಸ್ತಿಯಾಯಿತು ಅನ್ನಿಸುತ್ತದೆ, ಆದರೆ ಒಂದೊಂದಕ್ಕೆ ನಾಲ್ಕೈದು ಸೆಕೆಂಡ್ ಸಾಕು.

ಚಿತ್ರದ ಕಾರ್ಡ್ ಇದೆಯಲ್ಲ, ಅದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನೆಫ್ರಾನ್ ಚಿತ್ರದ ಫೋಟೊ ತೆಗೆದು ಹಾಕಿ, ಭಾಗಗಳ ಹೆಸರಿನ ಮೇಲೆ ಬೆರಳಿನಲ್ಲಿ ಚೌಕ ಎಳೆದರೆ ಸಾಕು, ಒಂದೊಂದು ಹೆಸರನ್ನು ಮುಚ್ಚಿ ಒಂದೊಂದು ಕಾರ್ಡ್ ತಾನೇ ಮಾಡಿಕೊಳ್ಳುತ್ತದೆ. ಎಷ್ಟೋ ಗೈಡ್‌ಗಳಲ್ಲಿ ಚಿತ್ರದ ಮೇಲೆ 1, 2, 3 ಅಂತ ಇರುತ್ತದೆ, ಹೆಸರುಗಳು ಪುಟದ ಕೆಳಗೆ ಇರುತ್ತವೆ. ಕಣ್ಣು ಮೇಲೆ ಕೆಳಗೆ ಓಡಾಡಿಯೇ ಸುಸ್ತಾಗುತ್ತದೆ. ಇಂಥ ಕಡೆ ಹೆಸರನ್ನು ಚಿತ್ರದ ಮೇಲೇ ಬರೆದರೆ ಕಲಿಯುವುದು ಸುಲಭ ಎಂದು ಸ್ವೆಲ್ಲರ್ ಮತ್ತು ಅವರ ಜೊತೆಗಾರರು ತೋರಿಸಿದ್ದಾರೆ.

ಎರಡು ಎಚ್ಚರಿಕೆ ಹೇಳಲೇಬೇಕು. ಒಂದು, ಹೊಸ ಕಾರ್ಡಿನ ಸಂಖ್ಯೆ. ಆ್ಯಪ್‌ನಲ್ಲಿ ಮೊದಲಿಗೆ ದಿನಕ್ಕೆ 20 ಅಂತ ಇರುತ್ತದೆ. ದಸರಾ ರಜೆಯಲ್ಲಿ ನಮ್ಮ ಹುಡುಗಿ ಹುಮ್ಮಸ್ಸಿನಲ್ಲಿ 60 ಮಾಡಿಕೊಂಡಳು. ಹೊಸದು ಇವತ್ತಿಗೆ ಮುಗಿಯುವುದಿಲ್ಲ, ನಾಳೆ ಬರುತ್ತದೆ, ಮೂರು ದಿನ ಬಿಟ್ಟು ಬರುತ್ತದೆ, ವಾರ ಬಿಟ್ಟು ಬರುತ್ತದೆ. ಮೂರನೇ ವಾರ ದಿನಕ್ಕೆ ನಾನೂರು ಚಿಲ್ಲರೆ ಕಾರ್ಡ್ ಕಾಯುತ್ತಿದ್ದವು, ಕಾಲೇಜು ಬೇರೆ ಶುರುವಾಗಿತ್ತು, ಅವಳು ಆ್ಯಪ್ ತೆರೆಯುವುದನ್ನೇ ನಿಲ್ಲಿಸಿದಳು. ಹೊಸದನ್ನು ಸೊನ್ನೆಗೆ ಇಳಿಸಿ, ಹಳೆಯದನ್ನು ದಿನಕ್ಕೆ ನೂರರಂತೆ ಕರಗಿಸಲು ಹತ್ತು ದಿನ ಬೇಕಾಯಿತು. ಹೊರೆ ಇಳಿಸಲು ತಂದ ಆ್ಯಪ್ಪೇ ಹೊರೆಯಾಗಬಾರದು. ಶುರುವಿಗೆ 8 ಅಥವಾ 10 ಇಟ್ಟುಕೊಳ್ಳಿ.

ಎರಡು, ರೆಡಿಮೇಡ್ ಕಾರ್ಡುಗಳು. ಟೆಲಿಗ್ರಾಂನಲ್ಲಿ ಒಂದು ಗುಂಪಿನಿಂದ ಯಾರೋ ಮಾಡಿದ ಐದು ಸಾವಿರ ಕಾರ್ಡಿನ ಕಟ್ಟು ಇಳಿಸಿಕೊಂಡಿದ್ದೆವು. ಬೇರೆಯವರ ತಲೆಯ ಗಂಟು ನಮ್ಮ ತಲೆಗೆ ಬಿಡಿ ಅಕ್ಷರಗಳಾಗಿಯೇ ಬರುತ್ತದೆ. ಅರ್ಥವಾಗದೆ ಬಾಯಿಪಾಠ ಆದದ್ದು ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಚಿದರೂ ಉಪಯೋಗಕ್ಕೆ ಬರುವುದಿಲ್ಲ. ಎಲ್ಲ ಅಳಿಸಿದೆವು. ಪಾಠ ಕೇಳಿ ಅರ್ಥವಾದ ಮೇಲೆ ಮಾತ್ರ ಕಾರ್ಡ್ ಬರೆಯುವುದು ಈಗ ನಮ್ಮ ಮನೆಯ ನಿಯಮ.

ಈಗ ನನ್ನ ವಿಷಯ. ಬ್ಯಾಂಕ್ ನೌಕರರು ಬರೆಯುವ ಜೆಎಐಐಬಿ ಪರೀಕ್ಷೆಗೆ ಕೂತಿದ್ದೆ. ನಾಲ್ಕು ಪೇಪರ್, ಒಂದೊಂದರಲ್ಲಿ 100 ಪ್ರಶ್ನೆ. ಮೊದಲ ಸಲ ಎರಡರಲ್ಲಿ ಪಾಸಾಗಿದ್ದೆ, ಆಂಕಿ ಬಳಸಿದ ಸಲ ಉಳಿದ ಎರಡೂ ಆದವು. ಕಾಯಿದೆ, ಮಿತಿ, ವರ್ಷ ಇವುಗಳಿಗೆ ಕಾರ್ಡ್ ಹೇಳಿ ಮಾಡಿಸಿದಂತೆ ಇತ್ತು. ಠೇವಣಿ ವಿಮೆ 5 ಲಕ್ಷ, 2020ರ ಫೆಬ್ರವರಿ 4ರಿಂದ, ಅದಕ್ಕೆ ಮೊದಲು 1 ಲಕ್ಷ. ಚೆಕ್ಕಿನ ಅವಧಿ 3 ತಿಂಗಳು. ಇವು ಈಗ ನಿದ್ದೆಯಲ್ಲಿ ಕೇಳಿದರೂ ಬರುತ್ತವೆ. ಆದರೆ ಅಕೌಂಟಿಂಗ್ ಪೇಪರಿಗೆ ಕಾರ್ಡ್ ಸಾಲಲಿಲ್ಲ. ಅಲ್ಲಿ ಸಹಾಯವಾಗಿದ್ದು ಬಿಡಿಸಿಟ್ಟ ಲೆಕ್ಕಗಳು. ಮೊದಲು ಪೂರ್ತಿ ಬಿಡಿಸಿದ್ದನ್ನು ಸಾಲು ಸಾಲಾಗಿ ಓದಿದೆ, ಆಮೇಲೆ ಕೊನೆಯ ಎರಡು ಹಂತ ಮುಚ್ಚಿಟ್ಟು ನಾನೇ ಮಾಡಿದೆ, ಆಮೇಲೆ ಪೂರ್ತಿ. ಹೊಸಬರನ್ನು ನೇರವಾಗಿ ಲೆಕ್ಕಕ್ಕೆ ತಳ್ಳಿದರೆ ಅವರು ಉತ್ತರ ಹುಡುಕುವುದರಲ್ಲೇ ದಣಿಯುತ್ತಾರೆ, ದಾರಿ ಕಲಿಯುವುದಿಲ್ಲ. ಅಕ್ಕನ ಮಗಳ ಭೌತಶಾಸ್ತ್ರಕ್ಕೂ ಇದನ್ನೇ ಮಾಡಿಸುತ್ತಿದ್ದೇನೆ. ಸೂತ್ರ ಕಾರ್ಡಿನಲ್ಲಿ, ಲೆಕ್ಕ ನೋಟ್‌ಬುಕ್ಕಿನಲ್ಲಿ.

ಕೌಂಟರಿನ ಕೆಲಸಕ್ಕೂ ಕಾರ್ಡ್ ಮಾಡಿದ್ದೆ, 180 ಇದ್ದವು. ಅದರಲ್ಲಿ ಅರ್ಧ ಈಗ ತೆಗೆದುಹಾಕಿದ್ದೇನೆ, ಯಾಕೆ ಅಂತ ಹೇಳುತ್ತೇನೆ. ಮೆನುವಿನ ಕೋಡುಗಳು, ಈ ತಿಂಗಳ ಬಡ್ಡಿ ದರ, ಯಾವ ಫಾರಂ ಯಾವ ಫೈಲಿನಲ್ಲಿ, ಇವನ್ನೆಲ್ಲ ನಾನು ನಿಷ್ಠೆಯಿಂದ ಬಾಯಿಪಾಠ ಮಾಡುತ್ತಿದ್ದೆ. ಠೇವಣಿ ಖಾತೆಗೆ ಎಷ್ಟು ನಾಮಿನಿ ಎನ್ನುವ ಕಾರ್ಡಿಗೆ ಉತ್ತರ 1 ಅಂತ ಇತ್ತು. 2025ರ ನವೆಂಬರ್ 1ರಿಂದ 4 ಜನರವರೆಗೆ ಮಾಡಬಹುದು ಅಂತ ನಿಯಮ ಬದಲಾಯಿತು. ಆ್ಯಪ್‌ಗೆ ಅದು ಗೊತ್ತಾಗುವುದಿಲ್ಲ, ಹಳೆಯ ಉತ್ತರವನ್ನೇ ಗಟ್ಟಿ ಮಾಡಿಸುತ್ತಾ ಹೋಗುತ್ತದೆ. ಅವತ್ತೇ ತಿದ್ದಿದೆ, ಕಾರ್ಡ್ ನೋಡುತ್ತಿರುವಾಗಲೇ ತಿದ್ದುವ ಸೌಲಭ್ಯ ಇದೆ. ಆದರೆ ಆಗ ಒಂದು ಯೋಚನೆ ಬಂತು. ಆಗಾಗ ಬದಲಾಗುವುದು ತಲೆಯಲ್ಲಿ ಇರಬಾರದು, ಕಣ್ಣೆದುರು ಇರಬೇಕು. ಬಡ್ಡಿ ದರದ ಹಾಳೆಯನ್ನು ಮಾನಿಟರಿನ ಪಕ್ಕ ಅಂಟಿಸಿದೆ, ದರ ಬದಲಾದ ದಿನ ಹಾಳೆ ಬದಲಾಗುತ್ತದೆ. ತೀರಿಕೊಂಡ ಗ್ರಾಹಕರ ಕ್ಲೇಮ್ ನಮ್ಮ ಶಾಖೆಯಲ್ಲಿ ತಿಂಗಳಿಗೆ ಒಂದೋ ಎರಡೋ ಬರುತ್ತದೆ, ಹಂತ ಜಾಸ್ತಿ, ಎದುರಿಗೆ ಕೂತವರು ದುಃಖದಲ್ಲಿರುತ್ತಾರೆ, ಒಂದು ಕಾಗದ ಮರೆತು ಅವರನ್ನು ಮತ್ತೆ ಹಳ್ಳಿಯಿಂದ ಕರೆಸುವುದು ನನಗೆ ಆಗದ ಮಾತು. ಅದಕ್ಕೆ ಒಂದು ಪುಟದ ಪಟ್ಟಿ ಮಾಡಿ ಟಿಕ್ ಹಾಕುತ್ತಾ ಹೋಗುತ್ತೇನೆ. ನುರಿತ ಸರ್ಜನ್‌ಗಳಿಗೇ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶದ ಪಟ್ಟಿ ಕೊಟ್ಟಿದೆ. ಗೊತ್ತಿಲ್ಲ ಅಂತ ಕೊಟ್ಟಿದ್ದಲ್ಲ ಅದು.

ಹಾಗೇ ಮೆನು ಕೋಡುಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಳಸುವ ತಂತ್ರಾಂಶದಲ್ಲಿ ಸಹಿ ಒಂದು ಪುಟದಲ್ಲಿ, ಬಾಕಿ ಇನ್ನೊಂದರಲ್ಲಿ, ಖಾತೆ ಸಂಖ್ಯೆ ಎರಡು ಕಡೆಯೂ ಟೈಪ್ ಮಾಡಬೇಕು. ಅದಕ್ಕೆ ನನ್ನ ನೆನಪಿನ ಶಕ್ತಿ ಹೆಚ್ಚಿಸಿಕೊಳ್ಳುವುದು ಪರಿಹಾರ ಅಲ್ಲ. ಆ ಎರಡನ್ನೂ ಒಂದೇ ಕಡೆ ತೋರಿಸಬೇಕು. ಹೊಸಬರಿಗೆ ಪ್ರತಿ ಹೆಜ್ಜೆಗೂ ಸಹಾಯದ ಚೌಕ ಬರುವುದು ಒಳ್ಳೆಯದೇ, ಹತ್ತು ವರ್ಷ ಕೆಲಸ ಮಾಡಿದವರಿಗೂ ಅದೇ ಚೌಕ ಬಂದು ದಿನಕ್ಕೆ ಇನ್ನೂರು ಸಲ ಮುಚ್ಚಬೇಕು ಅಂದರೆ ಅದು ಅಡ್ಡಿ. ಈ ತಂತ್ರಾಂಶಗಳನ್ನು ಬರೆಯುವವರಲ್ಲಿ ಅರ್ಧ ಜನ ಬೆಂಗಳೂರಿನಲ್ಲೇ ಇರಬಹುದು, ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ದಿನ ಸಂತೆಯ ದಿನ ನೋಡಿಕೊಂಡು ಹಳ್ಳಿ ಶಾಖೆಯ ಕೌಂಟರಿನ ಹಿಂದೆ ಬಂದು ಕೂರಿ, ಕಾಫಿ ನಾನು ಕೊಡಿಸುತ್ತೇನೆ.

ಬೆಲೆ ಮತ್ತು ಇತರೆ. ಕಂಪ್ಯೂಟರಿಗೆ ಪುಕ್ಕಟೆ, ಆಂಡ್ರಾಯ್ಡ್ ಫೋನಿಗೂ ಪುಕ್ಕಟೆ, ಜಾಹೀರಾತು ಇಲ್ಲ. ಐಫೋನಿಗೆ ಮಾತ್ರ ಸುಮಾರು 25 ಡಾಲರ್, ಒಂದೇ ಸಲ. ಇಳಿಸಿಕೊಳ್ಳುವಾಗ ಹೆಸರು ಸರಿಯಾಗಿ ನೋಡಿ, ಇದೇ ಹೆಸರು ಹಚ್ಚಿಕೊಂಡು ತಿಂಗಳ ಚಂದಾ ಕೇಳುವ ಬೇರೆ ಆ್ಯಪ್‌ಗಳಿವೆ. ಇಂಟರ್ನೆಟ್ ಇಲ್ಲದೆ ಕೆಲಸ ಮಾಡುತ್ತದೆ, ಬಸ್ಸಿನಲ್ಲಿ ಇದು ಬಹಳ ಅನುಕೂಲ. ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತದೆ, ಒತ್ತಕ್ಷರ ಒಡೆಯುವುದಿಲ್ಲ. ಸೆಟ್ಟಿಂಗ್ಸ್ ಪುಟ ಮಾತ್ರ ಉದ್ದ, ಹೊಸಬರು ಅಲ್ಲಿ ಕಳೆದುಹೋಗುತ್ತಾರೆ. ದಿನದ ಹೊಸ ಕಾರ್ಡಿನ ಸಂಖ್ಯೆ ಇಳಿಸಿ, ಎಫ್‌ಎಸ್‌ಆರ್‌ಎಸ್ ಎನ್ನುವ ಗುಂಡಿ ಕಂಡರೆ ಆನ್ ಮಾಡಿ. ಆಂಕಿಗೆ 2023ರಲ್ಲಿ ಸೇರಿದ ಹೊಸ ಲೆಕ್ಕಾಚಾರ ಅದು, ಕಾರ್ಡ್ ಯಾವಾಗ ಮತ್ತೆ ಬರಬೇಕು ಎನ್ನುವುದನ್ನು ನಿಮ್ಮ ಮರೆವಿಗೆ ತಕ್ಕಂತೆ ಹೊಂದಿಸುತ್ತದೆ. ಉಳಿದದ್ದನ್ನು ಮುಟ್ಟಬೇಡಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಆ ಪುಟಕ್ಕೆ.

ಅಕ್ಕನ ಮಗಳು ಈಗ ಎರಡನೇ ಪಿಯುಸಿ. ಜೀವಶಾಸ್ತ್ರದ ಪದಗಳ ಕಟ್ಟು ಪೂರ್ತಿಯಾಗಿದೆ, ರಸಾಯನಶಾಸ್ತ್ರದ್ದು 120ಕ್ಕೆ ನಿಂತಿದೆ, ಕೆಲವಕ್ಕೆ ಶಾಲೆಯ ಪುಸ್ತಕದಲ್ಲಿ ಯಾವ ಕನ್ನಡ ಪದ ಇತ್ತು ಅಂತ ಅವಳಿಗೂ ನೆನಪಿಲ್ಲ. ನಿಮ್ಮಲ್ಲಿ ಯಾರಾದರೂ ಕನ್ನಡ ಮಾಧ್ಯಮದ ವಿಜ್ಞಾನ ಮೇಷ್ಟ್ರಿದ್ದರೆ, ಎಂಟರಿಂದ ಹತ್ತನೇ ಕ್ಲಾಸಿನ ರಸಾಯನಶಾಸ್ತ್ರದ ಪದಗಳನ್ನು ಬರೆದು ಕಳಿಸಿ. ಕಾರ್ಡ್ ನಾವು ಮಾಡುತ್ತೇವೆ, ಪೂರ್ತಿಯಾದ ಕಟ್ಟನ್ನು ಕೇಳಿದವರಿಗೆಲ್ಲ ಕೊಡುತ್ತೇವೆ.